ಬಾಯಿ ತೆರೆಯುವ ಮೊದಲೇ



ಸಂಜೆ ಕಚೇರಿ ಬಿಡುವ ಹೊತ್ತು. ರಾಫೆಲ್ಸ್ ಪ್ಲೇಸ್ ಎಂ.ಆರ್.ಟಿ. ನಿಲ್ದಾಣದ ಮೆಟ್ಟಿಲ ಬಳಿ ನಿಂತು ಮನೆಗೆ ಫೋನು ಮಾಡುತ್ತೇವೆ: ‘ನನ್ನ ಹತ್ರ ಇವತ್ತು ಎರಡು ಮೀಟಿಂಗ್ ಇತ್ತು.’ ಆ ಕಡೆಯಿಂದ ಮಗು: ‘ನಾನು ಹಸಿವೆ ಇದ್ದೀನಿ.’ ಪದಗಳು ಬಹುಪಾಲು ಕನ್ನಡವೇ, ಅಚ್ಚು ಮಾತ್ರ ಇಂಗ್ಲಿಷಿನದು. ನಗಬೇಡಿ, ಮೊದಲ ತಪ್ಪು ನಮ್ಮದೇ!

ಕನ್ನಡದಲ್ಲಿ ಹಸಿವು, ಜ್ವರ, ಭಯ, ನೆನಪು ಎಲ್ಲವೂ ನಮಗೆ ಆಗುವಂಥವು, ಬರುವಂಥವು. ‘ನನಗೆ ಜ್ವರ ಬಂದಿದೆ.’ ರೋಗಿಗಳು ಕೂಡ ‘ಮಾತ್ರೆ ಮರೆತುಹೋಯ್ತು ಡಾಕ್ಟ್ರೇ’ ಎನ್ನುತ್ತಾರೆಯೇ ಹೊರತು ‘ಮರೆತೆ’ ಎನ್ನುವವರು ಕಡಿಮೆ. ತಪ್ಪು ಮಾತ್ರೆಯದು!

ಈ ಅಚ್ಚನ್ನು ಆರಿಸುವವರು ಯಾರು? ವಾಕ್ಯವನ್ನು ಪೂರ್ತಿ ಕಟ್ಟಿಕೊಂಡು ನಾವು ಬಾಯಿ ತೆರೆಯುವುದಿಲ್ಲ, ಆಡುತ್ತಲೇ ಕಟ್ಟುತ್ತೇವೆ. ಮನಸ್ಸಿಗೆ ಮೊದಲು ಹೊಳೆದದ್ದು ಮುಂದೆ ಬರುತ್ತದೆ: ‘ಮಗೂಗೆ ಔಷಧಿ ಕೊಟ್ಟೆ’, ‘ಔಷಧಿ ಮಗೂಗೆ ಕೊಟ್ಟೆ’. ವಿಭಕ್ತಿ ಪ್ರತ್ಯಯಗಳಿರುವುದರಿಂದ ಎರಡೂ ಸಲ್ಲುತ್ತವೆ. ಅಷ್ಟೇ ಅಲ್ಲ, ಈಗಷ್ಟೇ ಕೇಳಿದ ವಾಕ್ಯದ ಅಚ್ಚು ನಮಗರಿವಿಲ್ಲದೆಯೇ ನಾಲಿಗೆಗೆ ಅಂಟುತ್ತದೆ. ಅಮೆರಿಕದ ಕ್ಯಾಥರಿನ್ ಬಾಕ್ 1986ರಲ್ಲಿ ಇದನ್ನು ತೋರಿಸಿದರು. ಒಂದು ವಾಕ್ಯವನ್ನು ಹೇಳಿಸಿ, ಅದಕ್ಕೆ ಸಂಬಂಧವೇ ಇಲ್ಲದ ಚಿತ್ರವೊಂದನ್ನು ಕೊಟ್ಟರೂ ಜನ ಅದನ್ನು ಅದೇ ಅಚ್ಚಿನಲ್ಲಿ ವರ್ಣಿಸುವ ಸಂಭವ ಹೆಚ್ಚಿತ್ತು. ಒಂದು ಭಾಷೆಯ ಅಚ್ಚು ಇನ್ನೊಂದಕ್ಕೂ ದಾಟುತ್ತದೆಂದು 2004ರಲ್ಲಿ ಸ್ಪ್ಯಾನಿಷ್–ಇಂಗ್ಲಿಷ್ ಎರಡನ್ನೂ ಆಡುವವರ ಮೇಲಿನ ಪ್ರಯೋಗ ಕಾಣಿಸಿತು. ದಿನವಿಡೀ ಇಂಗ್ಲಿಷಿನಲ್ಲಿ ಆಡಿ ಬಂದ ನಾವು, ಶಾಲೆಯಿಂದ ಬಂದ ಮಗು, ಇನ್ನು ಹೇಗೆ ಮಾತಾಡಿಯೇವು?

ಇದು ಹೊಸದೂ ಅಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಟ್ಟಿಗೆ ಬಾಳಿವೆ. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಆ ಊರಿನ ಮಾತನ್ನು ಕುರಿತು ಬರೆದರು: ಪದಗಳು ಬೇರೆ ಬೇರೆ, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ. ‘ಇದು ನಮ್ಮ ಮನೆ’ ಎಂದರೆ ನಮಗೆ ಸಾಕು. ಅಲ್ಲಿನ ಕನ್ನಡಕ್ಕೆ ಮರಾಠಿಯಂತೆ ಕೊನೆಗೊಂದು ‘ಐತಿ’ ಬೇಕು. ಅದನ್ನು ಕೆಟ್ಟ ಕನ್ನಡ ಎನ್ನಲು ನಾವು ಸಿದ್ಧರಿಲ್ಲ. ಆದರೆ ಅಲ್ಲಿ ಇಡೀ ಊರೇ ಜೊತೆಯಾಗಿ ಬದಲಾಯಿತು. ನಮ್ಮ ಮಗುವೋ ಫೋನಿನಲ್ಲಿ ಅಜ್ಜಿಯೆದುರು ಒಂಟಿ. ಮಾತು ತಡವರಿಸಿದೊಡನೆ ಫೋನನ್ನು ನಮ್ಮ ಕೈಗೆ ಕೊಟ್ಟುಬಿಡುತ್ತದೆ.

ಮೊದಮೊದಲು ‘ಹಾಗಲ್ಲ, ಸರಿಯಾಗಿ ಹೇಳು’ ಎಂದು ಗದರುತ್ತಿದ್ದೆವು. ಮಗು ಇಂಗ್ಲಿಷಿಗೇ ತಿರುಗಿತು. ಈಗ ತಿದ್ದುವುದಿಲ್ಲ, ಬಾಗಿಲು ತೆಗೆಯುವಾಗಲೇ ‘ಯಾರಿಗೆ ಹಸಿವಾಗಿದೆ?’ ಎಂದು ಕೇಳುತ್ತೇವೆ. ಉತ್ತರದ ಅಚ್ಚು ಪ್ರಶ್ನೆಯಲ್ಲೇ ಇರುತ್ತದೆ. ಮೊನ್ನೆ ಬಂದ ಉತ್ತರ:

‘ನಂಗೆ! ಅಜ್ಜಿಗೂ ಆಗಿರುತ್ತಾ? ಅಲ್ಲಿ ಈಗ ಎಷ್ಟು ಗಂಟೆ?’