ಮೂರು ತಲೆಮಾರಿನವರ ಯೂರೋಪು ರೈಲು ಪ್ರಯಾಣ
(ರಕ್ಷಕ-ಶಿಕ್ಷಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಬೇಸಗೆಯ ರಜೆಯಲ್ಲಿ ನಾನು ಸಕುಟುಂಬನಾಗಿ ಯೂರೋಪು ಖಂಡದಲ್ಲಿ ರೈಲು ಪ್ರಯಾಣ ಮಾಡಿ ಬಂದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಜ್ಯೂರಿಕ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನು ಕರೆಸಿಕೊಂಡುದರಿಂದ ಅದು ಕೈಗೂಡಿತೇ ಹೊರತು ಉಪಾಧ್ಯಾಯನ ಸಂಬಳದಿಂದಲ್ಲ. ನಮ್ಮೂರಿನ ಮಕ್ಕಳು ಹಲವರು ಈಗ ಆ ಕಡೆ ನೆಲಸಿರುವುದರಿಂದ, ವೃದ್ಧರನ್ನೂ ಎಳೆಯರನ್ನೂ ಜತೆಗೆ ಕರೆದೊಯ್ಯುವುದು ಹೇಗೆಂದು ಕೆಲವು ರಕ್ಷಕರು ಕೇಳಿದ್ದರು. ಆ ವಿಚಾರವನ್ನೇ ಇಂದು ಹೇಳುವೆನು.

ನಾವು ಆರು ಮಂದಿ. ತಂದೆಯವರಿಗೆ 76, ತಾಯಿಯವರಿಗೆ 71 ವರ್ಷ, ನಾವು ದಂಪತಿಗಳು, 15 ವರ್ಷದ ಮಗಳು, 8 ವರ್ಷದ ಮಗ. ಭೂಗೋಳ ಪಾಠ ಹೇಳುವವನೆಂಬ ಹೆಮ್ಮೆಯಿಂದ ನಾನೊಬ್ಬನೇ ಭೂಪಟದ ಮುಂದೆ ಕುಳಿತು, ಹದಿನಾಲ್ಕು ದಿನಗಳಲ್ಲಿ ಒಂಬತ್ತು ಪಟ್ಟಣಗಳನ್ನು ನೋಡುವ ಯೋಜನೆಯನ್ನು ಸಿದ್ಧಪಡಿಸಿ, ಒಂದು ರಾತ್ರಿ ಊಟವಾದ ಮೇಲೆ ಎಲ್ಲರಿಗೂ ಓದಿ ಹೇಳಿದೆನು. ತಂದೆಯವರು ಪೂರ್ತಿ ಕೇಳಿ, “ಇದರಲ್ಲಿ ನಾವು ಕುಳಿತುಕೊಳ್ಳುವುದು ಯಾವಾಗ?” ಎಂದರು. “ರೈಲಿನಲ್ಲಿ” ಎಂದೆನು. ಅವರು ನಕ್ಕು ಎದ್ದುಹೋದರು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಆ ಕೆಲಸವನ್ನು ಅಜ್ಜನಿಗೂ ಮೊಮ್ಮಗಳಿಗೂ ಒಪ್ಪಿಸಿದೆನು. ಅವರಿಬ್ಬರೂ ಒಂದು ನೋಟುಪುಸ್ತಕದಲ್ಲಿ ಬರೆದ ಕ್ರಮ ಹೀಗಿತ್ತು: ಪ್ಯಾರಿಸ್, ಜ್ಯೂರಿಕ್, ಮಿಲಾನ್ ಈ ಮೂರೇ ನಗರಗಳು, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಯಾವ ಗಾಡಿಯೂ ಇಲ್ಲ, ದೂರದ ಪ್ರಯಾಣದ ಮರುದಿನ ವಿಶ್ರಾಂತಿ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ವೇಗದ ಗಾಡಿಯಲ್ಲಿ ಸುಮಾರು ನಾಲ್ಕು ಗಂಟೆ. ಅಷ್ಟು ಹೊತ್ತು ಕುಳಿತಿರುವುದು ವೃದ್ಧರಿಗೂ ಕಷ್ಟವಲ್ಲ.

ಟಿಕೆಟಿನ ವಿಷಯ. ಯೂರೋಪಿನ ನಿವಾಸಿಗಳಲ್ಲದವರಿಗಾಗಿ 1959ರಲ್ಲಿ ಆರಂಭವಾದ ಯೂರೇಲ್ ಪಾಸು ಈಗ 33 ದೇಶಗಳಲ್ಲಿ ಸಲ್ಲುತ್ತದೆ. ಹನ್ನೆರಡು ತುಂಬದ ಮಗುವಿಗೆ ದೊಡ್ಡವರ ಜತೆಯಲ್ಲಿ ಹಣವಿಲ್ಲ. ಆದರೆ ಅದರ ಹೆಸರಿನಲ್ಲೂ ಪಾಸು ಪಡೆಯಲೇಬೇಕು. ಅರುವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿ. ನನ್ನ ಮಗಳ ವಯಸ್ಸಿನವರಿಗೆ ಯುವಜನರ ದರ. ಪಾಸು ಇದೆಯೆಂದು ನಿಶ್ಚಿಂತರಾಗಬಾರದು: ಫ್ರಾನ್ಸಿನ ವೇಗದ ಗಾಡಿಗಳಲ್ಲಿ ಬೇರೆ ಹಣ ಕೊಟ್ಟು ಆಸನ ಕಾದಿರಿಸಬೇಕು, ಪಾಸಿನವರಿಗೆ ಅಂಥ ಆಸನಗಳೂ ಮಿತವಾಗಿವೆ. ಸ್ವಿಸ್ ದೇಶದ ಸಾಮಾನ್ಯ ಗಾಡಿಗಳಲ್ಲಿ ಈ ತೊಡಕಿಲ್ಲ. ಎರಡು ಮೂರೇ ಪ್ರಯಾಣಗಳಿದ್ದರೆ ಪಾಸಿಗಿಂತ ಮುಂಗಡ ಟಿಕೆಟೇ ಅಗ್ಗವಾಗುವುದುಂಟು; ಕೂಡಿ ಕಳೆದು ನೋಡಬೇಕು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿರಿ.

ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಹೊರಗಿನಿಂದ ಒಯ್ಯುವಂತಿಲ್ಲವಾದ್ದರಿಂದ ತಾಯಿಯವರ ತುಪ್ಪದ ಬಾಟಲಿ ಮನೆಯಲ್ಲೇ ಉಳಿಯಿತು. ಚಕ್ಕುಲಿಯೂ ಅವಲಕ್ಕಿಯೂ ಬಂದವು. ಗಾಡಿಯ ಮೆಟ್ಟಿಲು ಹತ್ತಲಾರದವರಿದ್ದರೆ ಮುಂಚಿತವಾಗಿ, ಕನಿಷ್ಠ ಒಂದು ದಿನ ಮೊದಲು ತಿಳಿಸಬೇಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ರೈಲಿನವರು ಉಚಿತವಾಗಿ ನೆರವಾಗುತ್ತಾರೆ.

ತಂದೆಯವರು ಕಾದಿದ್ದುದು ಬರ್ನೀನಾ ಮಾರ್ಗಕ್ಕಾಗಿ. ಸ್ವಿಸ್ ದೇಶದ ಕೂರ್ ಪಟ್ಟಣದಿಂದ ಇಟಲಿಯ ತಿರಾನೋಗೆ ಸುಮಾರು ನಾಲ್ಕು ಗಂಟೆಯ ದಾರಿ. ದೊಡ್ಡ ಗಾಜಿನ ವಿಶೇಷ ಗಾಡಿಗೆ ಆಸನ ಕಾದಿರಿಸಬೇಕು. ಅದೇ ಕಂಬಿಯ ಮೇಲೆ ಹೋಗುವ ಸಾಮಾನ್ಯ ಗಾಡಿಗೆ ಬೇಡ. ನಾವು ಸಾಮಾನ್ಯ ಗಾಡಿಯಲ್ಲೇ ಹೋದೆವು. ನಮ್ಮ ನೀಲಗಿರಿ ರೈಲಿಗೆ ಕಡಿದಾದಲ್ಲಿ ಹಲ್ಲಿನ ಕಂಬಿ ಬೇಕು. ಇದು ಅದಿಲ್ಲದೆಯೇ ನೂರಕ್ಕೆ ಏಳರಂತೆ ಏರುತ್ತ 2,253 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಮೇ ತಿಂಗಳಾಗಿದ್ದರೂ ಅಲ್ಲಿ ಹಿಮವಿತ್ತು. ಅಲ್ಲಿಂದ ಎರಡು ಗಂಟೆಯೊಳಗೆ 429 ಮೀಟರಿಗೆ ಇಳಿದು, ದ್ರಾಕ್ಷಿತೋಟಗಳ ನಡುವೆ ಬೆವರುತ್ತ ನಿಂತೆವು. ಬ್ರೂಸಿಯೋ ಎಂಬಲ್ಲಿ ಗಾಡಿಯು ವೃತ್ತಾಕಾರದ ಸೇತುವೆಯ ಮೇಲೆ ಸುತ್ತಿ, ತಾನು ದಾಟಿದ ಕಮಾನಿನ ಕೆಳಗೇ ನುಸುಳುವಾಗ ಮಗನು ಕಿಟಕಿಯಿಂದ ಗಾಡಿಯ ಬಾಲವನ್ನು ನೋಡಿ ಕೂಗಿದನು. ತಂದೆಯವರು ಮಾತಾಡಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು ಕುಳಿತಿದ್ದರು.

ಇಷ್ಟೆಲ್ಲ ಯೋಚಿಸಿದ್ದ ನಾನು ಒಂದನ್ನು ಮರೆತಿದ್ದೆನು. ಮಿಲಾನಿನ ಸಮೀಪದ ಒಂದು ಸಣ್ಣ ನಿಲ್ದಾಣದಲ್ಲಿ ತಾಯಿಯವರೂ ಮಗನೂ ಮೊದಲು ಹತ್ತಿದರು. ತಂದೆಯವರ ಕೈ ಹಿಡಿದು ನಾನು ಹಿಂದಿದ್ದೆನು. ಮಗಳೂ ಅವಳ ತಾಯಿಯೂ ನೀರು ಕೊಳ್ಳುತ್ತಿದ್ದರು. ಬಾಗಿಲು ತಾನಾಗಿ ಮುಚ್ಚಿ ಗಾಡಿ ಹೊರಟೇಹೋಯಿತು. ಭಾಷೆ ಬಾರದ 71 ವರ್ಷದವರೂ ಎಂಟು ವರ್ಷದವನೂ ಒಳಗೆ. ಫೋನುಗಳೆಲ್ಲ ನಮ್ಮ ಬಳಿಯಲ್ಲಿ. ಮುಂದಿನ ಗಾಡಿ ಅರ್ಧ ಗಂಟೆಯ ಬಳಿಕ. ಆ ಅರ್ಧ ಗಂಟೆಯಲ್ಲಿ ನನ್ನ ಮನಸ್ಸು ಎಲ್ಲೆಲ್ಲಿ ಹೋಯಿತೆಂದು ಇಲ್ಲಿ ಹೇಳಲಾರೆ.

ಮುಂದಿನ ನಿಲ್ದಾಣದ ಬೆಂಚಿನ ಮೇಲೆ ಅವರಿಬ್ಬರೂ ಚಕ್ಕುಲಿ ತಿನ್ನುತ್ತ ಕುಳಿತಿದ್ದರು. ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ದೂರ ಹೋಗದೆ ಒಂದೆಡೆ ನಿಲ್ಲಬೇಕೆಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಅದರಂತೆ ಅವನೇ ಅಜ್ಜಿಯನ್ನು ಇಳಿಸಿದ್ದನು. ತಾಯಿಯವರು ನನ್ನನ್ನು ನೋಡಿ, “ನೀವೆಲ್ಲ ಎಲ್ಲಿ ತಪ್ಪಿಹೋಗಿದ್ದಿರಿ ಮಾರಾಯ?” ಎಂದರು.

ಅಂದಿನಿಂದ ದೊಡ್ಡವರೊಬ್ಬರು ಮೊದಲು, ಇನ್ನೊಬ್ಬರು ಕೊನೆಗೆ ಹತ್ತುವುದೆಂದೂ, ತಪ್ಪಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕುಳಿತಿರುವುದೆಂದೂ ನಿಯಮವಾಯಿತು. ಪ್ರತಿಯೊಬ್ಬರ ಜೇಬಿನಲ್ಲೂ ವಸತಿಯ ವಿಳಾಸದ ಚೀಟಿ ಬಂತು. ಮಗಳು ಇವನ್ನೂ ಆ ನೋಟುಪುಸ್ತಕದಲ್ಲಿ ಬರೆದಿದ್ದಾಳೆ. ಅದು ಈಗ ನಮ್ಮ ಶಾಲೆಯ ವಾಚನಾಲಯದಲ್ಲಿದೆ. ಬೇಕಾದವರು ಒಯ್ದು ನೋಡಿ ಹಿಂದಿರುಗಿಸಬಹುದು.