ಮಗುವಿನ ಬೇನೆಯೂ ಬಾವಿಯ ನೀರೂ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದೊಡನೆ ನಮ್ಮ ಶ್ರೋತೃಗಳಿಗೆ ಭತ್ತದ ಗದ್ದೆಯೂ ಹಟ್ಟಿಯ ಚಿನ್ನವೂ ಅಶೋಕನ ಶಾಸನವೂ ನೆನಪಿಗೆ ಬರಬಹುದು. ಈ ದಿನ ನಾವು ಹೇಳಬೇಕೆಂದಿರುವುದು ಆ ಸೀಮೆಯ ತಾಯಿತಂದೆಗಳಿಗೆ ಎದುರಾಗುವ ಒಂದು ಒಗಟನ್ನು.

ಮಗುವಿಗೆ ಏಳೆಂಟು ವರ್ಷ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತದೆ. ಮೂಡುವಾಗಲೇ ಅದರ ಮೇಲೆ ಸೀಮೆಸುಣ್ಣದಿಂದ ಎಳೆದಂತಹ ಬಿಳಿಯ ಗೆರೆಗಳು. ಕಾಲಕ್ರಮದಲ್ಲಿ ಅವು ಹಳದಿಗೂ ಕಂದುಬಣ್ಣಕ್ಕೂ ತಿರುಗುತ್ತವೆ. ಹಲ್ಲುಜ್ಜುವುದಿಲ್ಲವೆಂದು ಮಗುವಿಗೆ ಬೈಗಳು. ಇದ್ದಿಲು, ಬೂದಿ, ಪೇಟೆಯ ಹಲ್ಲುಪುಡಿ, ಯಾವುದಕ್ಕೂ ಕಲೆ ಜಗ್ಗದು. ಕೆಲವು ಮಕ್ಕಳಲ್ಲಿ ಅಷ್ಟಕ್ಕೇ ನಿಲ್ಲದೆ ಮೊಣಕಾಲಿನ ನೋವು, ಬೆನ್ನಿನ ಬಿಗಿತ, ಹೊಟ್ಟೆನೋವು ತೋರುವುವು. ಅಲ್ಲೊಂದು ಇಲ್ಲೊಂದು ಮಗುವಿಗೆ ಕಾಲೇ ಬಾಗುವುದುಂಟು. ಒಬ್ಬರು ವಂಶದ ದೋಷವೆನ್ನುವರು, ಮತ್ತೊಬ್ಬರು ದೃಷ್ಟಿಯೆನ್ನುವರು. ಔಷಧದಂಗಡಿಯಾತನು ಟಾನಿಕ್ಕು ಕೊಡುವನು. ತಾಯಿಗೆ ಮಾತ್ರ ಇದಾವುದರಿಂದಲೂ ಸಮಾಧಾನವಾಗದೆ, ಆಕೆ ನೆರೆಮನೆಯ ಮಕ್ಕಳ ಬಾಯನ್ನು ನೋಡತೊಡಗುವಳು. ರೋಗದ ನಿದಾನವು ಆರಂಭವಾಗುವುದು ಅಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ. ಒಂದೇ ಬಾವಿಯನ್ನು ನೆಚ್ಚಿದ ಹಲವು ಮನೆಗಳ ಮಕ್ಕಳಲ್ಲಿ ಒಂದೇ ಗುರುತು ಕಂಡಮೇಲೆ, ಕಾರಣವನ್ನು ಮಗುವಿನೊಳಗೇ ಹುಡುಕುವುದು ವ್ಯರ್ಥ.

ಹಲ್ಲಿನ ಮೇಲಣ ಗಟ್ಟಿಕವಚವು ಸುಮಾರು ಎಂಟನೆಯ ವಯಸ್ಸಿನ ಹೊತ್ತಿಗೆ ಬಹುಮಟ್ಟಿಗೆ ದವಡೆಯೊಳಗೇ ಸಿದ್ಧವಾಗಿರುತ್ತದೆ. ಆ ವರ್ಷಗಳಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡು ಎಂಬ ಲವಣಾಂಶವು ಮಿತಿಮೀರಿದ್ದರೆ ಕವಚವು ಕೆಡುತ್ತದೆ. ಆದುದರಿಂದ ಇಂದು ಕಾಣುವ ಕಲೆಯು ಇಂದಿನ ನೀರಿನದಲ್ಲ, ಹಲವು ವರ್ಷಗಳ ಹಿಂದೆ ಕುಡಿದ ನೀರಿನದು. ಹತ್ತನೆಯ ವಯಸ್ಸಿನಲ್ಲಿ ಬೇರೆ ಊರಿನಿಂದ ಬಂದ ಮಗು ಅದೇ ನೀರನ್ನು ಕುಡಿದರೂ ಮುಂದಿನ ಹಲ್ಲುಗಳಲ್ಲಿ ಈ ಕಲೆ ಮೂಡದು. ಆದರೆ ಅದರ ಮೂಳೆಗಳಿಗೆ ಆ ರಕ್ಷಣೆಯಿಲ್ಲ.

ನಮ್ಮ ದೇಶದಲ್ಲಿ ಈ ಬೇನೆಯನ್ನು ಷಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, ಶಾಸ್ತ್ರೀಯವಾಗಿ ವರ್ಣಿಸಿದರು. ಅದಕ್ಕೆ ಮೊದಲೇ ಅಲ್ಲಿಯ ರೈತರು ಎತ್ತುಗಳ ಕೀಲು ಬಿಗಿದು ಅವು ನಡೆಯಲಾರದಾದುದನ್ನು ಕಂಡಿದ್ದರೆಂದು ಹೇಳುವುದುಂಟು. ವಿದ್ವಾಂಸರಿಗಿಂತ ಮುಂಚೆ ಎತ್ತು ಸಾಕ್ಷಿ ನುಡಿಯಿತೆನ್ನೋಣ!

ಈ ಫ್ಲೋರೈಡು ಯಾರೋ ಬೆರೆಸಿದ ವಿಷವಲ್ಲ. ರಾಯಚೂರು ಸೀಮೆಯ ಗ್ರಾನೈಟು ಮೊದಲಾದ ಕಲ್ಲುಗಳಲ್ಲಿ ಅದು ಸಹಜವಾಗಿ ಇರತಕ್ಕದ್ದು. ಮಳೆ ಕಡಿಮೆಯಾದ ನಾಡಿನಲ್ಲಿ ನೀರು ಕಲ್ಲಿನ ಬಿರುಕುಗಳೊಳಗೆ ಬಹುಕಾಲ ನಿಂತಾಗ, ಅದರಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರಂತೂ, ಹೆಚ್ಚು ಹೆಚ್ಚಾಗಿ ಕರಗುತ್ತದೆ. ಲೀಟರಿಗೆ 1 ಮಿಲಿಗ್ರಾಮಿನವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ಶುದ್ಧಿಮಾಡಿ ಕುಡಿಯುವ ಊರಿಗೂ ಕೊಳವೆಬಾವಿಯನ್ನೇ ನೆಚ್ಚಿದ ಊರಿಗೂ ಈ ಕಾರಣದಿಂದ ಬಹು ಅಂತರವಿರಬಹುದು.

ಲಿಂಗಸುಗೂರು–ಮಸ್ಕಿಗಳ ಕಡೆ ಇನ್ನೊಂದು ಶಂಕೆಯನ್ನೂ ಮನಸ್ಸಿನಲ್ಲಿಡಬೇಕು. ಮಸ್ಕಿಯ ಶಾಸನವು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರಿಗೆ ದೊರೆತದ್ದು ಚಿನ್ನವನ್ನು ಅರಸುತ್ತಿದ್ದಾಗ. ಚಿನ್ನವಿರುವ ಕಲ್ಲಿನಲ್ಲಿ ಅನೇಕವೇಳೆ ಪಾಷಾಣವೂ, ಅಂದರೆ ಆರ್ಸೆನಿಕ್ಕೂ, ಇರುವುದು. ಕೃಷ್ಣೆಯ ಆಚೆಗೆ, ಹಳೆಯ ಚಿನ್ನದ ಗಣಿಯಿದ್ದ ಮಂಗಳೂರು ಎಂಬ ಹಳ್ಳಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಪಾಷಾಣದಿಂದ ಜನರ ಚರ್ಮ ಕೆಟ್ಟುದನ್ನು ಕುರಿತ ಸಂಶೋಧನೆಯು 2013ರಲ್ಲಿ ಪ್ರಕಟವಾಯಿತು. ಇದರ ಗುರುತುಗಳೇ ಬೇರೆ: ಅಂಗೈ ಅಂಗಾಲುಗಳು ಗಡುಸಾಗಿ ಗಂಟುಗಂಟಾಗುವುವು, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳೇಳುವುವು. ಇದರ ಮಿತಿ ಲೀಟರಿಗೆ ಕೇವಲ 0.01 ಮಿಲಿಗ್ರಾಮು.

ಹಾಗಾದರೆ ತಂದೆತಾಯಿಗಳು ಮಾಡತಕ್ಕದ್ದೇನು? ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ನೀರಿನ ಚರಿತ್ರೆಯನ್ನೂ ಒಯ್ಯಬೇಕು: ಮಗು ಹುಟ್ಟಿದಾಗ ಮನೆಗೆ ಯಾವ ನೀರು, ಕೊಳವೆಬಾವಿ ಕೊರೆದದ್ದು ಎಂದು, ಅಣ್ಣನ ಹಲ್ಲು ಹೇಗಿದೆ, ತಂಗಿಯದು ಹೇಗಿದೆ. ಕಾಲು ಬಾಗುವುದಕ್ಕೆ ಜೀವಸತ್ತ್ವ ‘ಡಿ’ಯ ಕೊರತೆಯೂ ಕಾರಣವಾಗಬಹುದಾದ್ದರಿಂದ, ಮೂಳೆಯ ಕ್ಷ-ಕಿರಣ ಚಿತ್ರವನ್ನೂ ಮೂತ್ರದ ಫ್ಲೋರೈಡನ್ನೂ ನೋಡಿ ವೈದ್ಯರೇ ನಿರ್ಧರಿಸಬೇಕು. ನೀರನ್ನು ಕುದಿಸಿದರೆ ಸಾಕೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಕುದಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಈ ಎರಡು ವಿಷಗಳು ಹೋಗವು. ನೀರು ಆರಿದಷ್ಟೂ ಅವು ಸಾಂದ್ರವಾಗುವುವು. ಕಣ್ಣಿಗೆ ತಿಳಿಯಾಗಿ ನಾಲಗೆಗೆ ಸಿಹಿಯಾಗಿರುವ ನೀರಿನಲ್ಲಿಯೂ ಅವು ಇರಬಲ್ಲವು. ಕೂಡಿದ ಹಲ್ಲಿನ ಕಲೆ ಮಾಸಲಾರದು. ಆದರೆ ಬೇಗನೆ ನೀರನ್ನು ಬದಲಿಸಿದರೆ ಮೂಳೆಯ ಕೇಡು ಬೆಳೆಯುವುದನ್ನು ತಡೆಯಬಹುದು, ಹೊಟ್ಟೆನೋವಿನಂತಹ ಬಾಧೆಗಳು ಎಷ್ಟೋ ಇಳಿಯುವುವು. ಹಾಲು, ಸೊಪ್ಪು, ನೆಲ್ಲಿಕಾಯಿಗಳಿಂದ ನೆರವುಂಟು. ಅವು ನೀರಿಗೆ ಬದಲಲ್ಲ.

ಪರೀಕ್ಷೆಗೆ ಒಯ್ಯುವ ಬಾಟಲಿಗಳು ಎರಡಿರಲಿ. ಮಗು ಹಗಲೆಲ್ಲ ಕುಡಿಯುವುದು ಶಾಲೆಯ ನೀರನ್ನು. ಅದು ಮನೆಯ ಬಾವಿಯದಲ್ಲ.