ಹೊರದೇಶದ ಕೆಲಸಕ್ಕೆ ಹೊರಡುವ ಮುನ್ನ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಚೀಟಿಯ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪು ಬೆಳೆಯಬೇಕಾದರೆ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಣಿಯಾಗಿರಬೇಕು. ಬ್ಯಾರನ್‌ಗೆ ಪರವಾನಗಿ ಇರಬೇಕು. ಹದ ಮಾಡಿದ ಸೊಪ್ಪನ್ನು ಬೇಲ್ ಕಟ್ಟಿ ಹರಾಜು ಮಾರುಕಟ್ಟೆಗೆ ತಂದ ಮೇಲೆ ತೂಕ, ದರ್ಜೆ, ದರ ಮೂರೂ ಬರಹದಲ್ಲಿ ಇರಬೇಕು. ಗುರುತಿಲ್ಲದವನ ಕೈಗೆ ಚೀಟಿ ಪಡೆಯದೆ ಒಂದು ಬೇಲನ್ನು ಯಾವ ರೈತನೂ ಒಪ್ಪಿಸುವುದಿಲ್ಲ. ಆದರೆ ಅದೇ ಮನೆಯ ಮಗ ಹೊರದೇಶದ ಕೆಲಸಕ್ಕೆ ಹೊರಟಾಗ, ಅವನ ಪಾಸ್‌ಪೋರ್ಟನ್ನೂ ಸಾಲ ತಂದ ಎರಡು ಲಕ್ಷ ರೂಪಾಯಿಯನ್ನೂ ಪರಿಚಯದವರಿಗೆ ಪರಿಚಯವಾದ ಯಾರದೋ ಕೈಗೆ ಕೊಟ್ಟು, ರಸೀದಿ ಕೇಳುವುದಕ್ಕೆ ಸಂಕೋಚಪಡುವುದುಂಟು. ಬೇಲಿನ ವಿಷಯದಲ್ಲಿ ಇರುವ ಎಚ್ಚರ ಮಗನ ವಿಷಯದಲ್ಲಿ ಏಕೆ ಇರಬಾರದು?

ಹೊರದೇಶಕ್ಕೆ ಹೋಗುವುದೇ ತಪ್ಪೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಎರಡು ಮೂರು ಎಕರೆ ಜಮೀನು ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಹೋಗುವ ಮನೆಯಲ್ಲಿ ಒಬ್ಬನು ಹೊರಗೆ ದುಡಿದರೆ ಉಳಿದ ಇಬ್ಬರ ಬೇಸಾಯಕ್ಕೆ ಉಸಿರು ಬರುತ್ತದೆ. ಹೊರಗೆ ಹೋಗಿ ದುಡಿದವರು ಈ ಸೀಮೆಗೆ ಹೊಸಬರೂ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಯೂರಿದ ಟಿಬೆಟನ್ನರು ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ದೂರದ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರಿದರು. ಮುಂದೆ ಅವರ ಮಕ್ಕಳಲ್ಲಿ ಅನೇಕರು ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೋಗಿ ನೆಲೆಸಿದರು. ಆದರೆ ಎಲ್ಲರಿಗಿಂತ ಹೆಚ್ಚು ಗಮನಿಸಬೇಕಾದ ನಿದರ್ಶನ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ್ದು.

ಪಕ್ಷಿರಾಜಪುರದವರು ಹಕ್ಕಿಪಿಕ್ಕಿ ಜನ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಅವರ ಹಿಂದಿನ ಕಸಬು. ಮನೆಯಲ್ಲಿ ಆಡುವ ಮಾತು ವಾಗ್ರಿ. ಅದು ಗುಜರಾತಿಗೆ ಹತ್ತಿರದ ಭಾಷೆ. ಊರೂರು ಅಲೆದು ಬದುಕಿದವರಾದ್ದರಿಂದ ಕನ್ನಡದ ಜೊತೆಗೆ ತಮಿಳು, ತೆಲುಗು, ಹಿಂದಿ ಮಾತುಗಳೂ ಅವರ ನಾಲಿಗೆಗೆ ಸುಲಭ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದ ಮೇಲೆ ಬಲೆ ಮೂಲೆ ಸೇರಿತು. ಆಗ ಅವರ ಕೈಯಲ್ಲಿ ಉಳಿದದ್ದು ಗಿಡಮೂಲಿಕೆಗಳ ತಿಳಿವಳಿಕೆ ಮತ್ತು ಅಪರಿಚಿತರೊಡನೆ ವ್ಯಾಪಾರ ಮಾಡುವ ಧೈರ್ಯ. ಮೂಲಿಕೆ ಹಾಕಿ ಕಾಸಿದ ಕೂದಲೆಣ್ಣೆ, ನೋವಿನ ಎಣ್ಣೆಗಳನ್ನು ಮೊದಲು ಜಾತ್ರೆಗಳಲ್ಲಿ, ಪಟ್ಟಣಗಳಲ್ಲಿ ಮಾರಿದರು. ಅನಂತರ ಸಿಂಗಪುರ, ಥಾಯ್ಲೆಂಡುಗಳಂಥ ದೇಶಗಳಿಗೂ, ಅಲ್ಲಿಂದ ಮುಂದೆ ಆಫ್ರಿಕಾದ ಹಲವು ದೇಶಗಳಿಗೂ ಸರಕು ಹೊತ್ತು ಹೋದರು. ಗಂಡ ಹೆಂಡತಿ ಇಬ್ಬರೂ ಹೋಗುವುದು ಸಾಮಾನ್ಯ. ಕಾಲೇಜು ಮೆಟ್ಟಿಲು ಹತ್ತದವರು ಆಫ್ರಿಕಾದ ಸಂತೆಯಲ್ಲಿ ಕುಳಿತು ಅಲ್ಲಿಯ ಮಾತಿನಲ್ಲೇ ಚೌಕಾಸಿ ಮಾಡಿ ಸಂಪಾದಿಸಿಕೊಂಡು ಬಂದದ್ದು ಸಣ್ಣ ಸಾಹಸವೇನಲ್ಲ.

ಹೀಗಿರುವಾಗ 2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಅಲ್ಲಿಯ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿಕೊಂಡಿತು. ಆ ವೇಳೆ ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಕುಟುಂಬಗಳು ವ್ಯಾಪಾರಕ್ಕಾಗಿ ಅಲ್ಲಿದ್ದವು. ಕೆಲವರು ಇದ್ದದ್ದು ರಾಜಧಾನಿ ಖಾರ್ಟೂಮ್‌ನಿಂದ ಬಹು ದೂರ ಪಶ್ಚಿಮಕ್ಕಿರುವ ಡಾರ್ಫರ್ ಸೀಮೆಯ ಎಲ್ ಫಾಶರ್ ಪಟ್ಟಣದಲ್ಲಿ. ಹೊರಗೆ ಗುಂಡಿನ ಸದ್ದು. ಒಳಗೆ ಅನ್ನ ನೀರಿಗೆ ತತ್ವಾರ. ಊರಿನಲ್ಲಿದ್ದ ತಂದೆತಾಯಿಗಳಿಗೆ ಮೊಬೈಲಿನಲ್ಲಿ ಬಂದ ಮಾತೇ ಆಧಾರ. ಏಪ್ರಿಲ್ 24ರಂದು ಭಾರತ ಸರ್ಕಾರ ಜನರನ್ನು ಕರೆತರುವ ಕಾರ್ಯವನ್ನು ಪ್ರಕಟಿಸಿತು. ಅದಕ್ಕೆ ಇಟ್ಟ ಹೆಸರು ಆಪರೇಷನ್ ಕಾವೇರಿ. ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್ ರೇವಿನಿಂದ ನೌಕಾಪಡೆಯ ಹಡಗುಗಳಲ್ಲಿಯೂ ವಾಯುಪಡೆಯ ವಿಮಾನಗಳಲ್ಲಿಯೂ ಜನರನ್ನು ಜೆಡ್ಡಾಕ್ಕೆ ಸಾಗಿಸಿ, ಅಲ್ಲಿಂದ ತಾಯ್ನಾಡಿಗೆ ಕಳುಹಿಸಲಾಯಿತು. ಏಪ್ರಿಲ್ 28ರಂದು ಬೆಂಗಳೂರಿಗೆ ಬಂದಿಳಿದ 362 ಮಂದಿಯಲ್ಲಿ ಹಕ್ಕಿಪಿಕ್ಕಿ ಜನ ಬಹಳವಾಗಿದ್ದರು. ಮೇ 5ರ ಹೊತ್ತಿಗೆ ಒಟ್ಟು 3,862 ಮಂದಿಯನ್ನು ಸುಡಾನ್‌ನಿಂದ ಹೊರತರಲಾಗಿತ್ತು.

ಜೀವ ಉಳಿಯಿತು. ಆದರೆ ಸಾಲ ಮಾಡಿ ಸರಕು ಕೊಂಡೊಯ್ದವನು ಬರಿಗೈಯಲ್ಲಿ ಹಿಂತಿರುಗಿದರೆ ಸಾಲ ಮಾತ್ರ ಊರಿನಲ್ಲೇ ಕಾದು ಕುಳಿತಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹತ್ತನೆಯ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ದೊರೆಯುವ ಪಾಸ್‌ಪೋರ್ಟ್ 'ಇ.ಸಿ.ಆರ್.' ವರ್ಗದ್ದು. ಅಂಥವರು 18 ದೇಶಗಳಿಗೆ ಕೂಲಿ ಅಥವಾ ನೌಕರಿಗಾಗಿ ಹೋಗುವಾಗ 1983ರ ವಲಸೆ ಅಧಿನಿಯಮದಂತೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಸೌದಿ ಅರೇಬಿಯಾ, ದುಬೈ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್, ಬಹರೈನ್, ಮಲೇಷ್ಯಾ ಇವೆಲ್ಲ ಆ ಪಟ್ಟಿಯಲ್ಲಿವೆ. ಸುಡಾನ್ ಕೂಡ ಇದೆ. ಆದರೆ ಈ ಅನುಮತಿ ನೌಕರಿಗೆ ಹೋಗುವವನಿಗೆ ಮಾತ್ರ. ಸ್ವಂತ ಸರಕು ಹಿಡಿದು ವ್ಯಾಪಾರಕ್ಕೆಂದೋ ಸಂದರ್ಶಕನೆಂದೋ ಹೋಗುವವನ ಹೆಸರು ಆ ದಫ್ತರಕ್ಕೆ ಸೇರುವುದಿಲ್ಲ. ಅವನಿಗೆ ಮಾಲೀಕನಿಲ್ಲ, ಕರಾರಿಲ್ಲ, ಕಡ್ಡಾಯದ ವಿಮೆಯಿಲ್ಲ. ಇಂದು ಒಂದೂರು, ನಾಳೆ ಇನ್ನೊಂದೂರು. ಗಲಭೆಯಾದಾಗ ಅವನು ಎಲ್ಲಿದ್ದಾನೆಂದು ಹುಡುಕುವುದೇ ಒಂದು ಕೆಲಸ. ಆದ್ದರಿಂದ ವ್ಯಾಪಾರಕ್ಕೆ ಹೋಗುವವರು ಆ ದೇಶ ಮುಟ್ಟಿದ ಕೂಡಲೆ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ಇಳಿದುಕೊಂಡ ವಿಳಾಸ, ಊರಿನವರ ದೂರವಾಣಿ ಸಂಖ್ಯೆಗಳನ್ನು ಬರೆಯಿಸಬೇಕು. ಊರು ಬದಲಾಯಿಸಿದಾಗ ಮತ್ತೆ ತಿಳಿಸಬೇಕು. ಬೇರು, ಬೀಜ, ಸೊಪ್ಪುಗಳನ್ನು ಒಯ್ಯುವುದಾದರೆ ಆ ದೇಶದ ಸಸ್ಯ ತಪಾಸಣೆಯ ನಿಯಮಗಳನ್ನು ಮೊದಲೇ ವಿಚಾರಿಸದಿದ್ದಲ್ಲಿ ಸರಕು ವಿಮಾನ ನಿಲ್ದಾಣದಲ್ಲೇ ಮುಟ್ಟುಗೋಲಾಗಬಹುದು.

ಇನ್ನು ನೌಕರಿಗೆ ಹೋಗುವವರ ವಿಷಯ. ಜನರನ್ನು ಹೊರದೇಶಕ್ಕೆ ಕಳುಹಿಸುವ ದಲ್ಲಾಳಿಗೆ ಕೇಂದ್ರ ಸರ್ಕಾರದ ನೋಂದಣಿ ಇರಬೇಕು. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಓದುಬರಹ ಬಲ್ಲ ಹುಡುಗನಿಗೆ ಐದು ನಿಮಿಷದ ಕೆಲಸ. ಹಳ್ಳಿಗೆ ಬಂದು ಟೀ ಅಂಗಡಿಯಲ್ಲಿ ಕುಳಿತು ಹೆಸರು ಬರೆದುಕೊಳ್ಳುವ ಉಪದಲ್ಲಾಳಿಗೆ ಕಾನೂನಿನಲ್ಲಿ ಸ್ಥಾನವೇ ಇಲ್ಲ. ಅವನು ಊರಿನವನೇ ಆಗಿರಬಹುದು, ನೆಂಟನೇ ಆಗಿರಬಹುದು; ಆದರೂ ಇಲ್ಲ. ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿಯೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ಖಾಸಗಿಯವರಲ್ಲಿ ಹಣ ಕಟ್ಟುವ ಮೊದಲು ಅಲ್ಲಿ ವಿಚಾರಿಸುವುದು ಲೇಸು. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಪದ್ಧತಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. ಅದು 2017ರ ಜನವರಿಯಲ್ಲಿ.

ಹಣದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೋಂದಾಯಿತ ದಲ್ಲಾಳಿ ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಶೇಕಡಾ 18ರ ತೆರಿಗೆ. ಒಟ್ಟು 35,400 ರೂಪಾಯಿ; ಅದಕ್ಕೆ ರಸೀದಿ ಕೊಡಲೇಬೇಕು. ಈಗ ಒಬ್ಬ ಹುಡುಗ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಎರಡು ಲಕ್ಷ ಸಾಲ ತಂದು ಕೊಟ್ಟನೆಂದು ಇಟ್ಟುಕೊಳ್ಳಿ. ತಿಂಗಳ ಬಡ್ಡಿ 6,000 ರೂಪಾಯಿ. ಎರಡು ವರ್ಷದ ಕರಾರು ಮುಗಿಯುವ ಹೊತ್ತಿಗೆ ಬಡ್ಡಿಯೇ 1,44,000. ಅಸಲು ಸೇರಿದರೆ 3,44,000. ಅವನು ಊಟ ತಿಂಡಿಯ ಖರ್ಚು ಕಳೆದು ತಿಂಗಳಿಗೆ 20,000 ರೂಪಾಯಿ ಮನೆಗೆ ಕಳುಹಿಸಿದರೂ ಎರಡು ವರ್ಷಕ್ಕೆ ಆಗುವುದು 4,80,000. ಕೈಯಲ್ಲಿ ಉಳಿದದ್ದು 1,36,000; ತಿಂಗಳಿಗೆ ಆರು ಸಾವಿರವೂ ಬೀಳುವುದಿಲ್ಲ. ಅಷ್ಟಕ್ಕಾಗಿ ಮರಳುಗಾಡಿನ ಬಿಸಿಲಿನಲ್ಲಿ ಎರಡು ಬೇಸಿಗೆ ಕಳೆಯಬೇಕೆ? ಬ್ಯಾರನ್ನಿನ ಸೌದೆ ಖರ್ಚು, ಗೊಬ್ಬರದ ಖರ್ಚು, ಕೂಲಿ ಎಲ್ಲವನ್ನೂ ಕಳೆದು ಲಾಭ ನೋಡುವ ರೈತ ಈ ಲೆಕ್ಕವನ್ನೂ ಮೊದಲೇ ಹಾಕಬೇಕು.

ಕರಾರು ಪತ್ರವನ್ನು ವಿಮಾನ ಹತ್ತುವ ದಿನ ಕೈಗೆ ಕೊಡುವುದು ಮೋಸದ ಮೊದಲ ಲಕ್ಷಣ. ಸಂಬಳ ಎಷ್ಟು, ದಿನಕ್ಕೆ ಎಷ್ಟು ಗಂಟೆ ಕೆಲಸ, ವಸತಿ ಊಟ ಯಾರದು, ಹಿಂತಿರುಗುವ ಟಿಕೆಟ್ ಯಾರದು, ಈ ನಾಲ್ಕು ಸಂಗತಿಗಳು ಅದರಲ್ಲಿ ಬರೆದಿರಬೇಕು. 'ಸಂದರ್ಶಕ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ' ಎನ್ನುವವನ ಮಾತನ್ನು ನಂಬಲಾಗದು. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧರಂಗದಲ್ಲಿ ಸಿಕ್ಕಿಕೊಂಡದ್ದು, ತಿಂಗಳುಗಟ್ಟಲೆ ಕಷ್ಟಪಟ್ಟು 2024ರ ಸೆಪ್ಟೆಂಬರಿನಲ್ಲಿ ಹಿಂತಿರುಗಿದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು ಮೋಸದ ದಂಧೆಯಲ್ಲಿ ದುಡಿಸಿಕೊಂಡ ಪ್ರಕರಣಗಳೂ ಹಲವು. ಪದವೀಧರರೇ ಅಲ್ಲಿ ಮೋಸಹೋದರು.

ಅನುಮತಿ ಪಡೆದು ಹೋಗುವ ಇ.ಸಿ.ಆರ್. ಕೆಲಸಗಾರನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಜೊತೆಗೆ ತೆರಿಗೆ. ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವಿಕಲತೆ ಆದಲ್ಲಿ 10 ಲಕ್ಷ ರೂಪಾಯಿ ದೊರೆಯುತ್ತದೆ. ಒಂದು ಹಸುವಿನ ವಿಮೆಗೆ ಕಟ್ಟುವಷ್ಟೂ ಇಲ್ಲ ಈ ಕಂತು. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣುಮಕ್ಕಳು ಈ ದೇಶಗಳಿಗೆ ಮನೆಗೆಲಸಕ್ಕೆ ಹೋಗುವುದಾದರೆ 30 ವರ್ಷ ತುಂಬಿರಬೇಕೆಂಬ ನಿಯಮವನ್ನೂ ನೆನಪಿನಲ್ಲಿಡಬೇಕು.

ಬೇಸಾಯ ಬಲ್ಲವನಿಗೆ ಬೇಸಾಯದ ಕೆಲಸವೇ ಹೊರದೇಶದಲ್ಲಿಯೂ ದೊರೆಯುವ ದಾರಿ ಒಂದಿದೆ. ಇದು ಇನ್ನೂ ಬಹಳ ಜನಕ್ಕೆ ಮುಟ್ಟಿಲ್ಲ. ಜಪಾನಿನ ಹಳ್ಳಿಗಳಲ್ಲಿ ಮುದುಕರೇ ಹೆಚ್ಚಾಗಿ, ಹೊಲಕ್ಕಿಳಿಯುವ ಕೈಗಳು ಕಡಿಮೆಯಾಗಿವೆ. ಆದ್ದರಿಂದ ಆ ದೇಶ 2019ರ ಏಪ್ರಿಲ್‌ನಿಂದ ನಿರ್ದಿಷ್ಟ ಕುಶಲ ಕೆಲಸಗಾರರಿಗೆಂದು ಹೊಸ ವೀಸಾ ಕೊಡುತ್ತಿದೆ. ಅದರಲ್ಲಿ ಬೆಳೆ ಸಾಗುವಳಿ, ಪಶುಪಾಲನೆ ಎರಡೂ ಸೇರಿವೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಈ ಬಗ್ಗೆ ಒಪ್ಪಂದ ಮಾಡಿಕೊಂಡವು. 18 ವರ್ಷ ತುಂಬಿರಬೇಕು. ಕೆಲಸದ ಪರೀಕ್ಷೆಯಲ್ಲೂ ಜಪಾನಿ ಭಾಷೆಯ ಆರಂಭದ ಮಟ್ಟದ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಮೊದಲ ದರ್ಜೆಯ ಈ ವೀಸಾದಲ್ಲಿ ಒಟ್ಟು ಐದು ವರ್ಷ ಇರಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅದೇ ಕೆಲಸಕ್ಕೆ ಜಪಾನಿನವನಿಗೆ ಕೊಡುವುದಕ್ಕಿಂತ ಕಡಿಮೆ ಸಂಬಳ ಕೊಡಬಾರದೆಂದು ಅಲ್ಲಿಯ ನಿಯಮ. ಸಸಿಮಡಿ ಮಾಡಿ, ಹನಿ ನೀರಾವರಿ ನೋಡಿ, ಹಸು ಕರೆದು ಬೆಳೆದ ಹುಡುಗನಿಗೆ ಕೆಲಸದ ಪರೀಕ್ಷೆ ಕಷ್ಟವಲ್ಲ. ಕಷ್ಟವಿರುವುದು ಭಾಷೆಯಲ್ಲಿ, ಅದಕ್ಕೆ ತಿಂಗಳುಗಟ್ಟಲೆ ಕುಳಿತು ಓದಬೇಕು. ಪಕ್ಷಿರಾಜಪುರದವರು ಸಂತೆಯಲ್ಲಿ ನಿಂತು ಪರದೇಶದ ಮಾತು ಕಲಿತರೆಂದ ಮೇಲೆ, ಪಿ.ಯು.ಸಿ. ಓದಿದವರು ಹಿಂಜರಿಯಬೇಕಾದ ಕಾರಣ ಕಾಣುವುದಿಲ್ಲ. ವಿಸ್ತರಣಾ ಕಾರ್ಯಕರ್ತರು ತಮ್ಮ ವಲಯದ ಯುವಕರಿಗೆ ಈ ವಿಷಯವನ್ನು ತಿಳಿಸುವುದು ಅಗತ್ಯ.

ಕಡೆಯದಾಗಿ ಜಮೀನಿನ ಮಾತು. ನೌಕರಿಗಾಗಿ ಹೊರದೇಶಕ್ಕೆ ಹೋದವನು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ ಆಗುತ್ತಾನೆ. ಅನಿವಾಸಿಯು ಭಾರತದಲ್ಲಿ ಮನೆ, ಸೈಟು ಕೊಳ್ಳಬಹುದು; ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಹೋಗುವ ಮೊದಲೇ ಇದ್ದ ಜಮೀನು ಅವನದಾಗಿಯೇ ಉಳಿಯುತ್ತದೆ, ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿಯಿಲ್ಲ. ದುಡಿದು ಕಳುಹಿಸಿ ಪಕ್ಕದ ಎರಡು ಎಕರೆ ಕೊಳ್ಳೋಣವೆಂದು ಲೆಕ್ಕ ಹಾಕಿಕೊಂಡು ಹೊರಡುವವರು ಈ ನಿಯಮವನ್ನು ತಿಳಿದೇ ಹೊರಡಬೇಕು. ಇರುವ ಜಮೀನಿನ ಮೇಲಿನ ಸಾಲ ತೀರಿಸಲು, ಕೊಳವೆ ಬಾವಿಗೆ, ಹನಿ ನೀರಾವರಿಗೆ, ತೆಂಗು ಮಾವು ಕೂರಿಸಲು ಆ ಹಣ ಬಳಸುವುದಕ್ಕೆ ತೊಂದರೆಯಿಲ್ಲ. ಪಹಣಿ ಅವನ ಹೆಸರಿನಲ್ಲಿದ್ದರೆ ಬೆಳೆ ಸಾಲ, ಬೆಳೆ ವಿಮೆಗಳ ಕಾಗದಕ್ಕೆ ಯಾರು ರುಜು ಹಾಕಬೇಕೆಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿ, ನಂಬಿಕಸ್ಥರ ಹೆಸರಿಗೆ ಅಧಿಕಾರ ಪತ್ರ ಬರೆದುಕೊಡುವುದು ಒಳ್ಳೆಯದು. ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ, ದಲ್ಲಾಳಿಯ ರಸೀದಿ, ಇವುಗಳ ನಕಲು ಒಂದೊಂದು ಪ್ರತಿ ಮನೆಯಲ್ಲಿರಬೇಕು. ಹರಾಜಿನ ಚೀಟಿಗಳನ್ನು ಇಡುವ ಟ್ರಂಕಿನಲ್ಲಿಯೇ ಇಟ್ಟರೆ ಬೇಕಾದಾಗ ಮನೆಯ ಹೆಂಗಸರ ಕೈಗೂ ಸಿಗುತ್ತದೆ.